ಅಕ್ಕಿಯೋ, ನೀರೋ, ಹಿಟ್ಟೋ: ಮಗುವಿನ ಕೈಗೆ ಯಾವಾಗ ಯಾವುದನ್ನು ಕೊಡುವುದು?

ಕಳೆದ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ತಂಗಿ ಫೋನ್ ಮಾಡಿದ್ದಳು. ಅವಳಿರುವುದು ಕಾಸರಗೋಡು ಪೇಟೆಯ ವಿದ್ಯಾನಗರದ ಹತ್ತಿರ, ಮೂರನೇ ಮಾಳಿಗೆಯ ಫ್ಲ್ಯಾಟ್‌ನಲ್ಲಿ. ನಾನಿರುವುದು ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ. ಹೊರಗೆ ಜಡಿಮಳೆ. ಒಳಗೆ ಅವಳ ಎರಡು ವರ್ಷದ ಮಗ ಸೋಫಾದಿಂದ ಟೀಪಾಯಿಗೆ ಹಾರುತ್ತಿದ್ದ.

"ಅಕ್ಕಾ, ಮೊಬೈಲಲ್ಲಿ ಸೆನ್ಸರಿ ಪ್ಲೇ ಅಂತ ಸಾವಿರ ವಿಡಿಯೊ ಬರ್ತದೆ. ಬಣ್ಣದ ಅಕ್ಕಿ, ಲೋಳೆ, ಹಿಟ್ಟು, ನೊರೆ. ಇದರಲ್ಲಿ ಯಾವುದು ಮಾಡಬೇಕಾದ್ದು, ಯಾವುದು ಸುಮ್ನೆ ಚಂದಕ್ಕೆ?"

ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಈಗ ನಾಲ್ಕೂವರೆ, ಮಗನಿಗೆ ಒಂದೂವರೆ. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ಮಾಡಿ, ಎರಡೆರಡು ಸಲ ಒರೆಸಿ ನೋಡಿದ್ದಾಗಿದೆ.

ಮೊದಲು ಒಂದು ಮಾತು. ಮುಟ್ಟಿ, ಮೂಸಿ, ಅಲ್ಲಾಡಿಸಿ, ಸುರಿದು ತಿಳಿದುಕೊಳ್ಳುವ ಆಟ ನಮಗೇನೂ ಹೊಸತಲ್ಲ. ನಾವು ಅಡಿಕೆ ಹಾಳೆಯ ಮೇಲೆ ಕೂತು ಅಂಗಳ ತುಂಬಾ ಎಳೆಸಿಕೊಂಡವರು, ತೆಂಗಿನ ಗೆರಟೆಯಲ್ಲಿ ಮಣ್ಣಿನ ಇಡ್ಲಿ ಬೇಯಿಸಿದವರು. ಹೆಸರು ಮಾತ್ರ ಹೊಸದು. ಆದರೆ ಆಗ ಮನೆಯಲ್ಲಿ ಏಳೆಂಟು ಜನ ದೊಡ್ಡವರಿದ್ದರು, ಒಬ್ಬರಲ್ಲದಿದ್ದರೆ ಒಬ್ಬರ ಕಣ್ಣು ಮಕ್ಕಳ ಮೇಲಿರುತ್ತಿತ್ತು. ಈಗ ಅಮ್ಮ ಒಬ್ಬಳೇ. ಅದಕ್ಕೇ ಆರಿಸುವಾಗ ನಾನು ಆಟದ ಚಂದ ನೋಡುವುದಿಲ್ಲ. ಮಗು ಸಿಕ್ಕಿದ್ದನ್ನೆಲ್ಲ ಇನ್ನೂ ಬಾಯಿಗೆ ಹಾಕುತ್ತದೆಯಾ? ನನಗೆ ಅಲುಗದೆ ಪಕ್ಕದಲ್ಲಿ ಕೂರುವಷ್ಟು ಪುರುಸೊತ್ತು ಇದೆಯಾ? ಮುಗಿದ ಮೇಲೆ ಗುಡಿಸಬೇಕಾ, ಒರೆಸಬೇಕಾ, ಅಥವಾ ಮಗುವನ್ನೇ ಎತ್ತಿ ಬಚ್ಚಲಿಗೆ ಒಯ್ಯಬೇಕಾ? ಇಷ್ಟು ಕೇಳಿಕೊಂಡರೆ ಅರ್ಧ ವಿಡಿಯೊಗಳು ತಾವಾಗಿ ಬಿದ್ದುಹೋಗುತ್ತವೆ.

ನೀರಾ, ಅಕ್ಕಿಯಾ?

ಹೆಚ್ಚಿನವರು ಶುರು ಮಾಡುವುದು ಬಣ್ಣದ ಅಕ್ಕಿಯಿಂದ. ಫೋಟೊದಲ್ಲಿ ಅದು ಚಂದ ಕಾಣುತ್ತದೆ. ನನ್ನ ಓಟು ನೀರಿಗೆ.

ಅಗಲದ ತಟ್ಟೆಗೋ ಪಾತ್ರೆಗೋ ಎರಡು ಬೆರಳಿನಷ್ಟು ನೀರು ಹಾಕಿ. ಒಂದು ಮಿಳ್ಳೆ, ಒಂದು ಸೌಟು, ತೂತಿರುವ ಜಾಲರಿ, ನಯಮಾಡಿದ ಗೆರಟೆ ಕೊಡಿ. ಒಂದು ವರ್ಷದ ಮಗು ಸುಮ್ಮನೆ ಅಂಗೈಯಿಂದ ಬಡಿಯುತ್ತದೆ. ಎರಡರ ಮಗು ಸುರಿಯುತ್ತದೆ. ನಾಲ್ಕರ ಮಗು ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಅಂತ ಪಂಥ ಕಟ್ಟುತ್ತದೆ. ಅದೇ ಪಾತ್ರೆ, ಅದೇ ನೀರು, ಮಗು ದೊಡ್ಡದಾದಂತೆ ಆಟವೂ ದೊಡ್ಡದಾಗುತ್ತದೆ. ಬೇರೆ ಯಾವ ವಸ್ತುವಿಗೂ ಈ ಗುಣ ಇಷ್ಟಿಲ್ಲ. ಚೆಲ್ಲಿದರೆ ಒಂದು ಹಳೇ ಬೈರಾಸು ಸಾಕು.

ಬಣ್ಣ ಬೇಕೆಂದರೆ ಅಂಗಡಿಗೆ ಓಡಬೇಡಿ. ಬೇಲಿಯ ನೀಲಿ ಶಂಖಪುಷ್ಪ ನಾಲ್ಕೈದು ಬಿಸಿನೀರಿಗೆ ಹಾಕಿ, ಆರಲು ಬಿಡಿ. ನೀಲಿ ನೀರು ಸಿಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ನೇರಳೆ, ಇನ್ನೂ ಹಿಂಡಿದರೆ ಗುಲಾಬಿ. ಸ್ವಲ್ಪ ಅಡುಗೆ ಸೋಡಾ ಹಾಕಿದರೆ ಹಸಿರಿನ ಕಡೆಗೆ ತಿರುಗುತ್ತದೆ. ಮಗಳು ಇದನ್ನು ಮೊದಲ ಸಲ ನೋಡಿದಾಗ ಮನೆಯಲ್ಲಿದ್ದ ನಿಂಬೆ ಎಲ್ಲ ಖಾಲಿ ಆಯಿತು. ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿದರೆ ಕೆಂಪು, ಬಸಳೆಯ ಹಣ್ಣು ಹಿಚುಕಿದರೆ ಕಡು ನೇರಳೆ. ಬಟ್ಟೆಗೆ ಕಲೆ ಆಗುತ್ತದೆ, ಹಳೇ ಅಂಗಿ ಹಾಕಿ. ಅರಶಿನಕ್ಕೆ ಸುಣ್ಣ ಹಾಕಿ ಪೂಜೆಯ ಕುರುದಿ ನೀರಿನ ಹಾಗೆ ಕೆಂಪು ಮಾಡುವುದು ಎಲ್ಲರಿಗೂ ಗೊತ್ತು, ಆದರೆ ಅದು ಮಕ್ಕಳ ಆಟಕ್ಕೆ ಬೇಡ. ವೀಳ್ಯದ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ಸುಣ್ಣದ ಡಬ್ಬಿ ಯಾವತ್ತೂ ಮಕ್ಕಳ ಕೈಗೆ ಸಿಗಬಾರದು.

ನೀರಿನ ದೋಷ ಒಂದೇ, ಆದರೆ ಅದು ದೊಡ್ಡದು. ಪುಟ್ಟ ಮಗು ಮುಳುಗಲು ಮುಖ ಅದ್ದುವಷ್ಟು ನೀರು ಸಾಕು. ಎರಡಿಂಚು ನೀರಿದ್ದರೂ ಎದ್ದು ಹೋಗುವ ಹಾಗಿಲ್ಲ. ಫೋನ್ ಬಂದರೆ ಬರಲಿ, ಕುಕ್ಕರ್ ಕೂಗಿದರೆ ಕೂಗಲಿ. ಏಳಲೇಬೇಕಾದರೆ ಮಗುವನ್ನು ಎತ್ತಿಕೊಂಡೇ ಏಳಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ, ಬಾಲ್ದಿ ಕವುಚಿಡಿ.

ಇನ್ನು ಅಕ್ಕಿ. ಅಕ್ಕಿಯನ್ನು ನಾನು ತಳ್ಳಿಹಾಕುವುದಿಲ್ಲ, ತಡವಾಗಿ ಕೊಡುತ್ತೇನೆ. ಒಂದೂವರೆ ವರ್ಷದ ಮಗು ಹಿಡಿ ಅಕ್ಕಿ ಬಾಯಿಗೆ ತುಂಬಿಕೊಂಡು ಕೆಮ್ಮಲು ಶುರು ಮಾಡಿದರೆ ನಿಮ್ಮ ಜೀವ ಬಾಯಿಗೆ ಬರುತ್ತದೆ. ಮೂರು ದಾಟಿದ ಮೇಲೆ ಅಕ್ಕಿಯಷ್ಟು ಹಿತವಾದದ್ದು ಕಡಿಮೆ. ಕೈ ಹುಗಿದರೆ ತಣ್ಣಗೆ, ಸುರಿದರೆ ಮಳೆಯ ಸದ್ದು, ಒದ್ದೆ ಇಲ್ಲ. ಅಳೆಯಲು, ಸುರಿಯಲು, ಅಕ್ಕಿಯೊಳಗೆ ಬಟ್ಟೆ ಒಣಗಿಸುವ ಕ್ಲಿಪ್ಪೋ ಚಮಚವೋ ಬಚ್ಚಿಟ್ಟು ಹುಡುಕಿಸಲು ಒಳ್ಳೆಯದು.

ಆದರೆ ನಮ್ಮ ಮನೆಯಲ್ಲಿ ಇನ್ನೊಂದು ತೊಡಕು. ಅಕ್ಕಿ ಕಾಲಡಿಗೆ ಬಿದ್ದರೆ ಅತ್ತೆಗೆ ಸಂಕಟ. "ಅನ್ನ ತುಳಿಯಬಾರದು ಮಗಾ" ಅನ್ನುತ್ತಾರೆ. ನನಗೂ ಅದು ತಪ್ಪು ಅನ್ನಿಸುವುದಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ಹುಳ ಹಿಡಿದ, ಊಟಕ್ಕಾಗದ ಬೆಳ್ತಿಗೆ ಅಕ್ಕಿಯನ್ನು ಬಿಸಿಲಿಗೆ ಒಣಗಿಸಿ, ಗೆರಸೆಯಲ್ಲಿ ಕೇರಿ, ಒಂದು ಡಬ್ಬಿಯಲ್ಲಿ ಆಟಕ್ಕೆಂದೇ ಇಡುವುದು. ಕೆಳಗೆ ಹಳೇ ಬೆಡ್‌ಶೀಟ್ ಹಾಸುವುದು. ಆಡಿ ಸವೆದ ಮೇಲೆ ಪಕ್ಕದ ಮನೆಯ ಕೋಳಿಗಳಿಗೆ ಹಾಕುವುದು. ಬಣ್ಣ ಹಾಕದಿದ್ದರೆ ಮಾತ್ರ ಕೋಳಿಗೆ. ಮಳೆಗಾಲದಲ್ಲಿ ಬಣ್ಣ ಹಾಕುವುದೇ ಬೇಡ, ಒಣಗುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿದು. ಜುಲೈಯಲ್ಲಿ ಒಗೆದ ಬಟ್ಟೆಯೇ ಮೂರು ದಿನ ಹಸಿ ವಾಸನೆ ಹೊಡೆಯುತ್ತದೆ, ಇನ್ನು ಬಣ್ಣದ ಅಕ್ಕಿ!

ಅಕ್ಕಿಯ ಬದಲು ಕಡಲೆ, ರಾಜ್ಮಾ, ಹುಣಸೆ ಬೀಜ ಕೊಡಬಹುದಾ ಅಂತ ತಂಗಿ ಕೇಳಿದಳು. ಮೂರರ ಒಳಗಿನವರಿಗೆ ಖಂಡಿತ ಬೇಡ. ಒಣ ಕಾಳು ಮೂಗಿಗೋ ಕಿವಿಗೋ ಹೋದರೆ ಅಲ್ಲೇ ನೆಂದು ಊದಿಕೊಳ್ಳುತ್ತದೆ, ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ರಾಜ್ಮಾ ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ. ಗುಲಗಂಜಿಯನ್ನಂತೂ ಮನೆಯೊಳಗೆ ತರಲೇಬೇಡಿ. ಕೆಂಪು ಕಪ್ಪು ಬಣ್ಣ ನೋಡಿ ಮಕ್ಕಳು ಆಯ್ದು ತರುತ್ತಾರೆ, ಒಳಗೆ ಇರುವುದು ನಿಜವಾದ ವಿಷ. ಅಡಿಕೆಯೂ ಅಷ್ಟೇ. ಸುಗ್ಗಿಯಲ್ಲಿ ಅಂಗಳ ತುಂಬ ಹರಡಿರುತ್ತದೆ, ಉರುಳಿಸಲು ಚಂದ, ಆದರೆ ಅದು ಬಾಯಿಗೆ ಹೋಗುವ ವಯಸ್ಸಿನವರ ಆಟದ ಸಾಮಾನಲ್ಲ. ಅಡಿಕೆ ಬೆಳೆದು ಬದುಕುವ ನಾವೇ ಇದನ್ನು ಹೇಳಬೇಕು.

ಯಾವುದು ಚಿಕ್ಕದು, ಯಾವುದು ದೊಡ್ಡದು ಅಂತ ಅನುಮಾನ ಬಂದರೆ ಒಂದು ಉಪಾಯ. ರಟ್ಟನ್ನು ಸುತ್ತಿ 4 ಸೆಂ.ಮೀ. ಅಗಲದ ಕೊಳವೆ ಮಾಡಿಟ್ಟುಕೊಳ್ಳಿ. ಅದರೊಳಗೆ ತೂರುವ ಯಾವ ಗಟ್ಟಿ ವಸ್ತುವೂ ಮೂರು ವರ್ಷದ ಕೆಳಗಿನವರಿಗೆ ಬೇಡ.

ಮೈದಾ ಹಿಟ್ಟಾ, ಅಕ್ಕಿ ಹಿಟ್ಟಾ?

ಅಂಗಡಿಯ ಬಣ್ಣದ ಕ್ಲೇಗೆ ಬದಲು ಮನೆಯಲ್ಲಿ ಹಿಟ್ಟು ಮಾಡಿಕೊಳ್ಳುವವರ ಮುಂದೆ ಈ ಎರಡು ದಾರಿ ಇವೆ. ಇಲ್ಲಿ ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಹಸಿ ಹಿಟ್ಟು ತಿನ್ನಲು ಸುರಕ್ಷಿತ ಅಲ್ಲ. ಗೋಧಿ ಗದ್ದೆಯಿಂದ ಗಿರಣಿಗೆ ಬಂದು ಹುಡಿಯಾಗುತ್ತದೆ, ನಡುವೆ ಎಲ್ಲಿಯೂ ಬೇಯುವುದಿಲ್ಲ. ಹೊಟ್ಟೆ ಕೆಡಿಸುವ ರೋಗಾಣು ಅದರಲ್ಲಿ ಇರಬಹುದು. ಹಾಗಾಗಿ ಬರೀ ಕಲಸಿದ ಮೈದಾಕ್ಕಿಂತ ಬೇಯಿಸಿದ್ದು ಮೇಲು.

ನಾನು ಮಾಡುವುದು ಹೀಗೆ. ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ತೆಂಗಿನೆಣ್ಣೆ, ಎರಡು ಚಮಚ ನಿಂಬೆರಸ. ಬಾಣಲೆಯಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಮಗಚುತ್ತಾ ಇರಿ. ಹಲ್ವದ ಹಾಗೆ ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಆರಿದ ಮೇಲೆ ನಾದಿ. ರೇಷ್ಮೆಯ ಹಾಗಿರುತ್ತದೆ. ಬಿರುಕು ಬಿಡುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಧಾರಾಳ. ಮಳೆಗಾಲದಲ್ಲಿ ಹೊರಗಿಟ್ಟರೆ ಮಾತ್ರ ನಾಲ್ಕೈದು ದಿನದಲ್ಲಿ ಬೂಸಲು. ಬಣ್ಣ ಬದಲಾದರೂ, ಹುಳಿ ವಾಸನೆ ಬಂದರೂ ಎಸೆಯಿರಿ.

ಅಕ್ಕಿ ಹಿಟ್ಟು ಅಂದರೆ ಬೇರೇನೂ ಅಲ್ಲ, ರೊಟ್ಟಿಗೆ ಮಾಡುವ ಅದೇ ಉಕ್ಕರಿಸಿದ ಹಿಟ್ಟು. ಒಂದು ಲೋಟ ನೀರು ಕುದಿಸಿ, ಚಿಟಿಕೆ ಉಪ್ಪು, ಒಂದು ಲೋಟ ಅಕ್ಕಿ ಹುಡಿ, ಮುಚ್ಚಿಡಿ, ಬೆಚ್ಚಗಿರುವಾಗಲೇ ನಾದಿ. ಬೇಯಿಸಿದ್ದಾದ್ದರಿಂದ ಬಾಯಿಗೆ ಹೋದರೂ ಭಯವಿಲ್ಲ. ಆರುವ ಮೊದಲು ಸ್ವಲ್ಪ ಬೆಚ್ಚಗೆ ಮಗುವಿನ ಕೈಗೆ ಕೊಟ್ಟರೆ ಮಳೆಯ ದಿನ ಅದೇ ಒಂದು ಸುಖ. ತೊಂದರೆ ಏನೆಂದರೆ ಅರ್ಧ ಗಂಟೆಯಲ್ಲಿ ಒಣಗಿ ಬಿರಿಯುತ್ತದೆ, ಅಂದಂದಿಗೇ ಮುಗಿಯಬೇಕು.

ನನ್ನ ತೀರ್ಪು? ಬಾಯಿಗೆ ಹಾಕುವ ವಯಸ್ಸಿಗೆ ಅಕ್ಕಿ ಹಿಟ್ಟು, ಆಮೇಲೆ ಮೈದಾ. ಮೈದಾದ ಮುದ್ದೆಯಲ್ಲಿ ಉಪ್ಪು ವಿಪರೀತ ಇರುವುದರಿಂದ ಚಿಕ್ಕ ಮಕ್ಕಳು ಜಾಸ್ತಿ ತಿಂದರೆ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಸಿಗಬಾರದು. ನಿಜ ಹೇಳಬೇಕೆಂದರೆ ನಾನು ಆಟಕ್ಕೆಂದು ಬೇರೆ ಹಿಟ್ಟು ಮಾಡುವುದು ಕಡಿಮೆ. ಒತ್ತು ಶ್ಯಾವಿಗೆಯೋ ರೊಟ್ಟಿಯೋ ಮಾಡುವ ದಿನ ಒಂದು ನಿಂಬೆಯಷ್ಟು ಹಿಟ್ಟು ಇಬ್ಬರಿಗೂ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಮಗಳು ಶ್ಯಾವಿಗೆ ಒತ್ತುವ ಹಿಡಿಯನ್ನು ತಿರುಗಿಸಲು ಬರುತ್ತಾಳೆ. ಅದಕ್ಕೆ ಮೈಯೆಲ್ಲ ಬಲ ಹಾಕಬೇಕು. ಇದೂ ಒಂದು ಇಂದ್ರಿಯದ ಆಟವೇ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ಐದೇ ಎಣಿಸುತ್ತೇವೆ. ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂದು ತಿಳಿಸುವ ಸ್ನಾಯು-ಕೀಲುಗಳ ಅರಿವು ಇನ್ನೊಂದು, ಕಿವಿಯೊಳಗಿನ ಸಮತೋಲನದ ಅರಿವು ಮತ್ತೊಂದು. ಎಳೆಯುವುದು, ತಳ್ಳುವುದು, ಭಾರ ಹೊರುವುದು ಮೊದಲಿನದಕ್ಕೆ. ಹಾಳೆಯಲ್ಲಿ ಕೂತು ಜಾರುವುದು, ಉಯ್ಯಾಲೆ ಎರಡನೆಯದಕ್ಕೆ. ಸೋಫಾದಿಂದ ಹಾರುವ ಹುಡುಗನಿಗೆ ಬೇಕಾದದ್ದು ಬಣ್ಣದ ಅಕ್ಕಿಯಲ್ಲ, ಇವೆರಡು. ತಂಗಿಗೆ ಹೇಳಿದೆ, ಹಳೇ ದಿಂಬಿನ ಚೀಲಕ್ಕೆ ಬಟ್ಟೆ ತುಂಬಿ ಕೋಣೆಯಿಂದ ಕೋಣೆಗೆ ಎಳೆಯಲಿ, ಅಂತ. ಅರ್ಧ ಗಂಟೆ ಎಳೆದನಂತೆ. ಆಮೇಲೆ ಮಲಗಿದನಂತೆ.

ಲೋಳೆ: ಕೊಂಡದ್ದಾ, ಬೇಲಿಯದ್ದಾ?

ಇಲ್ಲಿ ನನ್ನ ಸ್ವಂತ ಪೆದ್ದುತನ ಹೇಳಬೇಕು. ಮಗಳಿಗೆ ಮೂರಾದಾಗ ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದ್ದೆ. ಅದರಲ್ಲಿ ನೀರು ಕುಡಿದು ಉಬ್ಬುವ ಬಣ್ಣದ ಮಣಿಗಳಿದ್ದವು. ಸಾಸಿವೆಯಷ್ಟು ಇದ್ದದ್ದು ರಾತ್ರಿ ಕಳೆದು ಬೆಳಗಾಗುವಾಗ ಗೋಲಿಯಷ್ಟು. ಚಂದವೇ ಚಂದ. ಆಮೇಲೆ ಓದಿದಾಗ ಗೊತ್ತಾಯಿತು, ಒಣ ಮಣಿ ನುಂಗಿದರೆ ಅದು ಕರುಳಿನೊಳಗೂ ಹಾಗೆಯೇ ಉಬ್ಬಿ ದಾರಿ ಕಟ್ಟುತ್ತದೆ, ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಅಷ್ಟೂ ಎಸೆದೆ. ಎಷ್ಟೋ ತಿಂಗಳ ಬಳಿಕ ಮಂಚದಡಿ ಒಂದು ಸಿಕ್ಕಿತು. ಆ ಹೊತ್ತಿಗೆ ಮಗ ಮನೆ ತುಂಬ ಹರಿದಾಡುತ್ತಿದ್ದ. ಚಿಕ್ಕವರಿರುವ ಮನೆಗೆ ಅದು ಬೇಡ, ಅಷ್ಟೇ.

ಅದೇ ನುಣುಪು, ಅದೇ ಜಾರು ಬೇಕೆಂದರೆ ಕಾಮಕಸ್ತೂರಿ ಬೀಜ ನೆನೆಸಿ. ಶರಬತ್ತಿಗೆ ಹಾಕುವ, ಇಲ್ಲಿನ ಅಂಗಡಿಗಳಲ್ಲಿ ಕಸ್‌ಕಸ್ ಅಂತ ಕೇಳಿದರೆ ಕೊಡುವ ಅದೇ ಬೀಜ. ಹದಿನೈದು ನಿಮಿಷದಲ್ಲಿ ಕಪ್ಪೆಮೊಟ್ಟೆಯ ಹಾಗೆ ಆಗುತ್ತದೆ. ಪೂರ್ತಿ ನೆಂದ ಮೇಲೆ ಮಾತ್ರ ಕೊಡಿ, ಒಣದ್ದನ್ನು ಬಾಯಿಗೆ ಹಾಕಲು ಬಿಡಬೇಡಿ. ಬೇಯಿಸಿದ ಸಾಬಕ್ಕಿಯೂ ಆಗುತ್ತದೆ, ಆದರೆ ಅಂಟು ಜಾಸ್ತಿ.

ಇದಕ್ಕಿಂತ ಒಳ್ಳೆಯದು ನಮ್ಮ ದಾಸವಾಳದ ಗೊಂಪು. ಹತ್ತು ಹದಿನೈದು ಎಲೆ ತೊಳೆದು, ಅಗಲ ಪಾತ್ರೆಯ ನೀರಲ್ಲಿ ಮಕ್ಕಳ ಕೈಯಿಂದಲೇ ಹಿಚುಕಿಸಿ. ಮೊದಲು ಏನೂ ಇಲ್ಲ. ನೋಡನೋಡುತ್ತಾ ನೀರು ಮಂದವಾಗಿ, ಹಸಿರಾಗಿ, ಬೆರಳೆತ್ತಿದರೆ ನೂಲಿನ ಹಾಗೆ ಎಳೆ ಬರುತ್ತದೆ. ಮಲಯಾಳದಲ್ಲಿ ಇದಕ್ಕೆ ತಾಳಿ ಅನ್ನುತ್ತಾರೆ. ಅಂಗಡಿಯ ಸ್ಲೈಮ್ ಕೈಗೆ ಬಂದದ್ದೇ ಸಿದ್ಧವಾಗಿ, ಮಗು ಅದನ್ನು ಎಳೆಯಬಹುದು ಅಷ್ಟೇ. ಗೊಂಪನ್ನು ಮಗುವೇ ಹುಟ್ಟಿಸುತ್ತದೆ. ಮುಗಿದ ಮೇಲೆ ತಲೆಗೆ ಹಚ್ಚಿ ಮೀಯಿಸಿದರಾಯಿತು, ಪಾತ್ರೆಯೂ ಖಾಲಿ. ಕಣ್ಣಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಫ್ಲ್ಯಾಟಿನವರಿಗೆ ಎಲೆ ಎಲ್ಲಿ ಅಂತ ಕೇಳಬೇಡಿ, ನಮ್ಮೂರಲ್ಲಿ ದಾಸವಾಳ ಇಲ್ಲದ ಗಲ್ಲಿ ಇಲ್ಲ.

ನಾಲ್ಕು ದಾಟಿದವರಿಗೆ ಕಾರ್ನ್‌ಫ್ಲೋರ್ ಆಟ ಒಂದು ಸಲ ತೋರಿಸಲೇಬೇಕು. ಎರಡು ಪಾಲು ಹುಡಿಗೆ ಒಂದು ಪಾಲು ನೀರು. ಮುಷ್ಟಿಯಿಂದ ಗುದ್ದಿದರೆ ಕಲ್ಲು, ಬೆರಳು ಮೆಲ್ಲಗೆ ಇಳಿಸಿದರೆ ನೀರು. ಒತ್ತಡ ಬಿದ್ದಾಗ ಹುಡಿಯ ಕಣಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಬಿಟ್ಟಾಗ ಜಾರುತ್ತವೆ. ಕೂವೆ ಗಡ್ಡೆಯಿಂದ ಹುಡಿ ಮಾಡಿದವರಿಗೆ ಇದರ ನೆಂಟಸ್ತನ ಗೊತ್ತು, ತಳದಲ್ಲಿ ಕೂತ ಕೂವೆಯನ್ನು ಕೈಯಿಂದ ಕೀಳುವಾಗ ಹೀಗೇ ಹಟ ಮಾಡುತ್ತದೆ. ಹಾಗಂತ ಕೂವೆ ಹುಡಿಯನ್ನು ಆಟಕ್ಕೆ ಸುರಿಯಬೇಡಿ, ಅದರ ಹಿಂದಿನ ಕೆಲಸ ನೆನೆಸಿದರೆ ಕೈ ಬರುವುದಿಲ್ಲ. ಕಾರ್ನ್‌ಫ್ಲೋರ್ ಉಳಿಕೆಯನ್ನು ಸಿಂಕಿಗೆ ಚೆಲ್ಲಿದರೆ ಪೈಪಿನಲ್ಲಿ ಕೂತುಬಿಡುತ್ತದೆ. ಒಣಗಿಸಿ ಕೆರೆದು ಎಸೆಯಿರಿ.

ಮಣ್ಣು

ಅಂಗಳ ಇರುವವರಿಗೆ ಇದರ ಹೋಲಿಕೆ ಇಲ್ಲ, ಹೋಲಿಸುವ ಅಗತ್ಯವೂ ಇಲ್ಲ. ನಮ್ಮ ಕೆಂಪು ಮಣ್ಣು ಒದ್ದೆಯಾದರೆ ಉಂಡೆ ಕಟ್ಟುತ್ತದೆ, ಒಣಗಿದರೆ ಹುಡಿಯಾಗುತ್ತದೆ. ಮರಳಿಗಿಂತ ಇದೇ ಒಳ್ಳೆಯ ಆಟ, ಬಟ್ಟೆಯ ಆಸೆ ಬಿಟ್ಟವರಿಗೆ.

ಆದರೆ ಜಾಗ ನೋಡಿ ಬಿಡಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಟ್ಟಿರುತ್ತೇವೆ. ಮೈಲುತುತ್ತು ಸುಣ್ಣ ಮರದಿಂದ ಸೋರಿ ಬುಡದ ಮಣ್ಣಿಗೆ, ಬಿದ್ದ ಹಾಳೆಗೆ ಇಳಿದಿರುತ್ತದೆ. ಆ ಹಾಳೆಯನ್ನು ಚೆನ್ನಾಗಿ ತಿಕ್ಕಿ ತೊಳೆಯದೆ ಮಕ್ಕಳಿಗೆ ಕೊಡಬೇಡಿ, ಬುಡದ ಮಣ್ಣಂತೂ ಬೇಡ. ತೋಟದ ಕಣಿಯಲ್ಲಿ ನಿಂತ ನೀರೂ ಬೇಡ, ಇಲಿಜ್ವರ ಹರಡುವುದು ಅಂಥ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ. ಜಗಲಿಯ ಪಕ್ಕ ಒಂದು ಹಳೇ ಟಬ್ಬಿನಲ್ಲಿ ಶುದ್ಧ ಮಣ್ಣು ತುಂಬಿ, ರಾತ್ರಿ ಮುಚ್ಚಿಟ್ಟರೆ ಬೆಕ್ಕೂ ಗಲೀಜು ಮಾಡುವುದಿಲ್ಲ. ಫ್ಲ್ಯಾಟಿನ ಬಾಲ್ಕನಿಗೂ ಇದೇ ಟಬ್ಬು ಸಾಕು.

ಈಗಷ್ಟೇ ಕೂರಲು ಕಲಿತವರಿಗೆ

ಆರು ತಿಂಗಳಿಂದ ಒಂದು ವರ್ಷದವರಿಗೆ ಮೇಲಿನ ಯಾವುದೂ ಬೇಕಾಗಿಲ್ಲ. ಒಂದು ಬುಟ್ಟಿ ಸಾಕು. ಇಂಗ್ಲೆಂಡಿನ ಎಲಿನೋರ್ ಗೋಲ್ಡ್‌ಶ್ಮೀಡ್ ಎಂಬ ಶಿಕ್ಷಕಿ ಇದನ್ನು ನಿಧಿಯ ಬುಟ್ಟಿ ಅಂತ ಕರೆದು ಬೆಳೆಸಿದರು. ಅದರಲ್ಲಿ ಪ್ಲಾಸ್ಟಿಕ್ ಇಲ್ಲ, ಮನೆಯ ದಿನಬಳಕೆಯ ವಸ್ತುಗಳೇ. ನಮ್ಮ ಬುಟ್ಟಿಯಲ್ಲಿ ಸ್ಟೀಲ್ ಲೋಟ, ಮರದ ಸಟ್ಟುಗ, ಅಂಚು ಉಜ್ಜಿದ ಗೆರಟೆ, ಹತ್ತಿ ಬೈರಾಸಿನ ತುಂಡು, ಮುಷ್ಟಿಗಿಂತ ದೊಡ್ಡ ಕಂಚಿಹುಳಿ, ಹಿತ್ತಾಳೆಯ ಸಣ್ಣ ಚೆಂಬು. ಒಂದು ತಣ್ಣಗೆ, ಒಂದು ಬೆಚ್ಚಗೆ, ಒಂದು ಭಾರ, ಒಂದು ಪರಿಮಳ. ಎಲ್ಲವೂ ಒಂದೇ ಬಗೆಯ ಪ್ಲಾಸ್ಟಿಕ್ ಆಗಿರುವ ಐನೂರು ರೂಪಾಯಿಯ ಗಿಲಕಿ ಸೆಟ್ಟಿಗಿಂತ ಇದು ಎಷ್ಟೋ ಮೇಲು. ತೊಳೆಯಿರಿ, ಸೀಳು ಇದೆಯಾ ನೋಡಿ, ಪಕ್ಕದಲ್ಲಿ ಕೂರಿ. ಕೈಗೆ ತುರುಕಬೇಡಿ, ಅದೇ ಆರಿಸಲಿ.

ಕೆಲವು ಮಕ್ಕಳಿಗೆ ಅಂಟು, ಲೋಳೆ ಮುಟ್ಟಲು ಹೇಸಿಗೆ. ನನ್ನ ಮಗಳೂ ಹಾಗೆಯೇ. ಒತ್ತಾಯ ಮಾಡಿದಷ್ಟೂ ದೂರ ಹೋದಳು. ಚಮಚ ಕೊಟ್ಟೆ. ಒಂದು ತಿಂಗಳು ಚಮಚದಲ್ಲೇ ಆಡಿದಳು, ಆಮೇಲೆ ಒಂದು ಬೆರಳು ಅದ್ದಿದಳು. ಆದರೆ ಬಟ್ಟೆ, ಊಟ, ಸದ್ದು ಎಲ್ಲದಕ್ಕೂ ಮಗು ವಿಪರೀತ ಕಂಗಾಲಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ಹೇಳಿ.

ಕರೆಂಟು ಹೋದಾಗ

ಸದ್ದಿನ ಆಟ, ವಾಸನೆಯ ಆಟ ಎರಡರಲ್ಲಿ ಯಾವುದು ಅಂದರೆ ಹಗಲಿಗೆ ಸದ್ದು, ರಾತ್ರಿಗೆ ವಾಸನೆ. ಸದ್ದಿಗೆ ಮುಚ್ಚಳ ಬಿಗಿದು ಟೇಪ್ ಸುತ್ತಿದ ಡಬ್ಬಿಗಳು: ಎರಡರಲ್ಲಿ ಅಕ್ಕಿ, ಎರಡರಲ್ಲಿ ಕಡಲೆ, ಎರಡರಲ್ಲಿ ಉಪ್ಪು. ಅಲ್ಲಾಡಿಸಿ ಜೋಡಿ ಹುಡುಕುವುದು. ಮಾಂಟೆಸ್ಸರಿ ಶಾಲೆಗಳಲ್ಲಿ ಇದೇ ಆಟ ಮರದ ಡಬ್ಬಿಗಳಲ್ಲಿದೆ.

ವಾಸನೆಗೆ ಏನೂ ತಯಾರಿ ಬೇಡ. ಆಟಿಯ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಬರುವುದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಆಗ ಚಾವಡಿಯಲ್ಲಿ ಕತ್ತಲೆಯಲ್ಲೇ ಕೂತು, ಸಣ್ಣ ಬಟ್ಟೆಯ ಗಂಟುಗಳಲ್ಲಿ ಏಲಕ್ಕಿ, ಶುಂಠಿ, ಕಾಫಿಹುಡಿ, ಒಳ್ಳೆಮೆಣಸು ಕಟ್ಟಿ ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತೇವೆ. ಮೆಣಸನ್ನು ಹುಡಿ ಮಾಡಬೇಡಿ, ಸೀನು ನಿಲ್ಲುವುದಿಲ್ಲ. ಮಗಳು ಒಂದರ ಹೆಸರನ್ನು ಕನ್ನಡದಲ್ಲಿ ಹೇಳುತ್ತಾಳೆ, ಇನ್ನೊಂದರದ್ದು ಅಂಗನವಾಡಿಯಲ್ಲಿ ಕಲಿತ ಮಲಯಾಳದಲ್ಲಿ, ಅತ್ತೆ ತುಳುವಿನಲ್ಲಿ ತಿದ್ದುತ್ತಾರೆ. ಕಳೆದ ವಾರ ಅತ್ತೆ ತಮ್ಮ ಎಲೆಯಡಿಕೆ ಚೀಲವನ್ನೇ ಮುಂದೆ ಹಿಡಿದರು. ಮಗಳು ಮೂಸಿದವಳೇ, "ಅಜ್ಜಿ!" ಅಂದಳು.